ಮದುವೆ, ದಿನಗಳ ಲೆಕ್ಕ, ಆರೋಗ್ಯ ವಿಮೆ: ಕೆನಡಾಕ್ಕೆ ಹೊರಟವರೊಬ್ಬರಿಗೆ ಉತ್ತರ

ನಮಸ್ಕಾರ. ಕೆನಡಾದ ಪಿಆರ್ (ಕಾಯಂ ನಿವಾಸದ ಹಕ್ಕು) ಮಂಜೂರಾಗಿ ಅದರ ಖಾತರಿ ಪತ್ರ ಕೈಸೇರಿದೆ, ಕೆಲವೇ ವಾರಗಳಲ್ಲಿ ಮದುವೆ ಇದೆ, ಮದುವೆ ಮುಗಿಸಿಕೊಂಡು ಒಬ್ಬರೇ ಟೊರಾಂಟೊಗೆ ಬಂದು ಲ್ಯಾಂಡಿಂಗ್ (ಇಲ್ಲಿ ಬಂದಿಳಿದು ಪಿಆರ್ ಪಡೆಯುವ ವಿಧಿ) ಮಾಡಿ ಆಮೇಲೆ ಪತ್ನಿಯನ್ನು ಸ್ಪಾನ್ಸರ್ ಮಾಡಬಹುದೇ, ಅಂದರೆ ನಿಮ್ಮ ಹೊಣೆಯ ಮೇಲೆ ಪಿಆರ್ ಕೊಡಿಸಿ ಕರೆಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. "ಮದುವೆಯ ವಿಷಯ ಈಗ ಎಲ್ಲೂ ಹೇಳಬೇಡಿ, ಸುಮ್ಮನೆ ತಡವಾಗುತ್ತದೆ" ಎಂದು ನಿಮ್ಮ ಏಜೆಂಟರು ಸಲಹೆ ಕೊಟ್ಟಿರುವುದಾಗಿಯೂ ಬರೆದಿದ್ದೀರಿ. ಜೊತೆಗೆ, ಲ್ಯಾಂಡಿಂಗ್ ಆದ ಮೇಲೆ ಒಂದೆರಡು ವರ್ಷ ಭಾರತದ ಕೆಲಸದಲ್ಲೇ ಮುಂದುವರಿಯಬಹುದೇ, ಆರೋಗ್ಯ ವಿಮೆ ಬಂದ ದಿನದಿಂದಲೇ ಸಿಗುತ್ತದೆಯೇ, ತಂದೆ-ತಾಯಿಯನ್ನು ಯಾವಾಗ ಕರೆಸಿಕೊಳ್ಳಬಹುದು ಎಂಬ ಪ್ರಶ್ನೆಗಳಿವೆ. ನಾನು ವಕೀಲನಲ್ಲ. ಆದರೆ ಟೊರಾಂಟೊ ಇರುವ ಇದೇ ಒಂಟಾರಿಯೊ ಪ್ರಾಂತ್ಯದಲ್ಲಿ ಬಹಳ ವರ್ಷಗಳಿಂದ ನೆಲೆಸಿ, ಪತ್ನಿಯನ್ನು ಸ್ಪಾನ್ಸರ್ ಮಾಡಿ ಕರೆಸಿಕೊಂಡು, ತಂದೆ-ತಾಯಿಯನ್ನು ಸೂಪರ್ ವೀಸಾದಲ್ಲಿ (ಹೆತ್ತವರಿಗೆ ಕೊಡುವ ದೀರ್ಘಾವಧಿಯ ಭೇಟಿ ವೀಸಾ) ಕರೆತಂದು ಈ ದಾರಿಗಳನ್ನೆಲ್ಲ ನಡೆದಿದ್ದೇನೆ.

ಮೊದಲು ಮದುವೆಯ ವಿಷಯ, ಏಕೆಂದರೆ ಉಳಿದದ್ದನ್ನೆಲ್ಲ ಮುಂದೆ ಸರಿಪಡಿಸಿಕೊಳ್ಳಬಹುದು, ಇದನ್ನು ಸರಿಪಡಿಸುವುದು ಬಹಳ ಕಷ್ಟ. ನಿಮ್ಮ ಏಜೆಂಟರ ಮಾತನ್ನು ದಯವಿಟ್ಟು ಕೇಳಬೇಡಿ. ಕೆನಡಾದ ವಲಸೆ ನಿಯಮಗಳಲ್ಲಿ 117(9)(ಡಿ) ಎಂಬ ಉಪನಿಯಮವಿದೆ. ಪಿಆರ್ ಪಡೆಯುವ ಹೊತ್ತಿಗೆ ನಿಮಗಿದ್ದ ಪತಿ, ಪತ್ನಿ ಅಥವಾ ಮಕ್ಕಳನ್ನು ನೀವು ತಿಳಿಸದೆ, ಅವರು ವೈದ್ಯಕೀಯ ತಪಾಸಣೆ ಮೊದಲಾದ ಪರಿಶೀಲನೆಗೆ ಒಳಗಾಗದೆ ಉಳಿದಿದ್ದರೆ, ಅವರನ್ನು ಮುಂದೆ ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡಲು ಬರುವುದಿಲ್ಲ ಎಂಬುದು ಅದರ ಸಾರಾಂಶ. ಪತ್ನಿ ಸದ್ಯಕ್ಕೆ ನಿಮ್ಮ ಜೊತೆ ಬರುವುದಿಲ್ಲ ಎಂದಾದರೂ ಹೆಸರು ತಿಳಿಸಲೇಬೇಕು, ತಪಾಸಣೆ ಆಗಲೇಬೇಕು. ಖಾತರಿ ಪತ್ರದಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನಾಂಕಗಳ ಜೊತೆ ವೈವಾಹಿಕ ಸ್ಥಿತಿ ಎಂಬ ಒಂದು ಸಾಲೂ ಇರುತ್ತದೆ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಆ ಸಾಲನ್ನು ನೋಡಿಕೊಂಡು ಏನಾದರೂ ಬದಲಾಗಿದೆಯೇ ಎಂದು ಕೇಳಿ ನಿಮ್ಮ ಸಹಿ ಪಡೆಯುತ್ತಾರೆ. ಮದುವೆಯಾಗಿದ್ದೂ ಅವಿವಾಹಿತ ಎಂದು ಮುದ್ರಿತವಾದ ಹಾಳೆಗೆ ಸಹಿ ಹಾಕಿದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಅದಕ್ಕೆ ನಿಮ್ಮ ಪಿಆರ್ ಕಳೆದುಹೋಗಿ 5 ವರ್ಷಗಳ ನಿಷೇಧ ಬೀಳುವ ಸಾಧ್ಯತೆಯೂ ಕಾನೂನಿನಲ್ಲಿದೆ.

ನಮ್ಮವರಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಬೇರೂರಿದೆ: "ಮದುವೆ ಆಗಿದೆ ನಿಜ, ಆದರೆ ಇನ್ನೂ ನೋಂದಣಿ ಮಾಡಿಸಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ." 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಸಪ್ತಪದಿ ಸೇರಿರುವ ಶಾಸ್ತ್ರದಲ್ಲಿ ಏಳನೆಯ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ಣವಾಗುತ್ತದೆ, ನೋಂದಣಿ ಅದಕ್ಕೊಂದು ದಾಖಲೆ ಮಾತ್ರ, ಅದು ಇಲ್ಲದಿದ್ದರೂ ಮದುವೆ ಊರ್ಜಿತವೇ. ನೋಂದಣಿ ಪತ್ರದಲ್ಲಿ ಮದುವೆ ನಡೆದ ದಿನಾಂಕವೂ ಇರುತ್ತದೆ. ಮುಂದೆ ಸ್ಪಾನ್ಸರ್ ಅರ್ಜಿಗೆ ಅದೇ ಪತ್ರವನ್ನು ಲಗತ್ತಿಸಬೇಕಾದಾಗ, ಆ ದಿನಾಂಕ ನಿಮ್ಮ ಲ್ಯಾಂಡಿಂಗ್‌ಗಿಂತ ಹಿಂದಿನದು ಎಂಬುದು ಯಾರ ಕಣ್ಣಿಗೂ ತಪ್ಪುವುದಿಲ್ಲ.

ಹಾಗಾದರೆ ನಿಮ್ಮ ಮುಂದೆ ಪ್ರಾಮಾಣಿಕವಾದ ದಾರಿಗಳು ಎರಡೇ. ಒಂದು, ಮದುವೆ ನಿಗದಿಯಾದ ದಿನವೇ ನಡೆಯಲಿ. ಆದ ಕೂಡಲೇ ವಲಸೆ ಇಲಾಖೆಗೆ ಅದರ ಜಾಲತಾಣದ ನಮೂನೆಯ ಮೂಲಕ ತಿಳಿಸಿ, ಹಳೆಯ ಖಾತರಿ ಪತ್ರದ ಮೇಲೆ ಪ್ರಯಾಣ ಮಾಡದೆ, ಪತ್ನಿಯನ್ನು ಅರ್ಜಿಗೆ ಸೇರಿಸಿ ಆಕೆಯ ತಪಾಸಣೆ ಮುಗಿಯುವವರೆಗೆ ಕಾಯುವುದು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ಆದರೆ ಇಬ್ಬರೂ ಪಿಆರ್ ಆಗಿಯೇ ಬಂದಿಳಿಯಬಹುದು. ಇನ್ನೊಂದು, ಖಾತರಿ ಪತ್ರದ ಅವಧಿ ಮುಗಿಯುವುದರೊಳಗೆ ಅವಿವಾಹಿತರಾಗಿಯೇ ಬಂದು ಲ್ಯಾಂಡಿಂಗ್ ಮುಗಿಸಿ, ಆಮೇಲೆ ಊರಿಗೆ ಹೋಗಿ ಮದುವೆಯಾಗಿ, ಹಿಂದಿರುಗಿ ಸ್ಪಾನ್ಸರ್ ಮಾಡುವುದು. ನಿಶ್ಚಿತಾರ್ಥ ಆಗಿದೆ ಎಂಬುದು ಮದುವೆಗೆ ಸಮನಲ್ಲ, ಅದರಿಂದ ತೊಡಕಿಲ್ಲ. ನನ್ನನ್ನು ಕೇಳಿದರೆ, ಕಲ್ಯಾಣ ಮಂಟಪ ಗೊತ್ತಾಗಿ ಆಮಂತ್ರಣ ಹಂಚಿಯಾಗಿರುವಾಗ ಮೊದಲನೆಯದೇ ಒಳ್ಳೆಯದು. ತಡವಾದರೂ ಇಬ್ಬರೂ ಒಟ್ಟಿಗಿರುತ್ತೀರಿ. ತಿಳಿಸದೆ ಬಿಟ್ಟ ಕುಟುಂಬದವರಿಗೆ 2019ರಿಂದ ಒಂದು ರಿಯಾಯಿತಿ ನೀತಿ ಇದೆ ಎಂದು ಯಾರಾದರೂ ಧೈರ್ಯ ಹೇಳಬಹುದು. ಅದು ಮುಖ್ಯವಾಗಿ ನಿರಾಶ್ರಿತರಾಗಿ ಬಂದವರಿಗೆ ಮತ್ತು ತಾವೇ ಪತಿ, ಪತ್ನಿ ಅಥವಾ ಮಕ್ಕಳಾಗಿ ಸ್ಪಾನ್ಸರ್ ಆಗಿ ಬಂದವರಿಗೆ ಮಾಡಿದ ನೀತಿ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಕೌಶಲದ ಆಧಾರದ ಮೇಲೆ ಪಿಆರ್ ಕೊಡುವ ದಾರಿಯಲ್ಲಿ, ಬರುವ ನೀವು ಅದನ್ನು ನಂಬಿಕೊಳ್ಳಬೇಡಿ.

ಲ್ಯಾಂಡಿಂಗ್ ಆದ ಮೇಲೆ ಮದುವೆಯಾಗುವುದೆಂದೇ ನೀವು ತೀರ್ಮಾನಿಸಿದರೆ, ಸ್ಪಾನ್ಸರ್ ಅರ್ಜಿಯ ಬಗ್ಗೆ ಕೆಲವು ಮಾತು. ಪತ್ನಿಗಾಗಿ ಅರ್ಜಿ ಹಾಕಲು ಸಾಮಾನ್ಯವಾಗಿ ಕನಿಷ್ಠ ಆದಾಯದ ಷರತ್ತಿಲ್ಲ. ಆದರೆ ಆಕೆ ಪಿಆರ್ ಆದ ದಿನದಿಂದ 3 ವರ್ಷ ಆಕೆಯ ಮೂಲಭೂತ ಅಗತ್ಯಗಳು ನಿಮ್ಮ ಹೊಣೆ ಎಂದು ಮುಚ್ಚಳಿಕೆ ಬರೆದುಕೊಡಬೇಕು, ಮತ್ತು ನಡುವೆ ಸಂಬಂಧ ಮುರಿದರೂ ಆ ಮುಚ್ಚಳಿಕೆ ರದ್ದಾಗುವುದಿಲ್ಲ. ನಾಗರಿಕರಲ್ಲದ ಪಿಆರ್ ಹೊಂದಿದವರು ಸ್ಪಾನ್ಸರ್ ಮಾಡಬೇಕಾದರೆ ಕೆನಡಾದಲ್ಲೇ ವಾಸವಿರಬೇಕು ಎಂಬುದನ್ನೂ ಗಮನಿಸಿ. ನಿಮ್ಮ ಎರಡನೆಯ ಪ್ರಶ್ನೆಗೆ ಇದು ನೇರವಾಗಿ ತಗಲುತ್ತದೆ. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಪರಸ್ಪರ ಪರಿಚಯದ ಅವಧಿ ಕಡಿಮೆ ಇರುವುದರಿಂದ, ಸಂಬಂಧ ನಿಜವಾದದ್ದೆಂದು ತೋರಿಸುವ ಕಾಗದಗಳಿಗೆ ಹೆಚ್ಚು ಶ್ರಮ ಬೇಕು. ಫೋಟೊಗಳ ಕಟ್ಟು ಕಳಿಸಿದರೆ ಸಾಲದು. ನಾವು ಪ್ರತಿ ಫೋಟೊದ ಕೆಳಗೆ ದಿನಾಂಕ, ಸ್ಥಳ, ಎಡದಿಂದ ಬಲಕ್ಕೆ ನಿಂತವರು ಯಾರು, ಅವರು ಹುಡುಗನಿಗೆ ಏನಾಗಬೇಕು, ಹುಡುಗಿಗೆ ಏನಾಗಬೇಕು ಎಂದು ಬರೆದಿದ್ದೆವು. ಸೋದರಮಾವ ಧಾರೆಯಲ್ಲಿ ಏಕೆ ನಿಂತಿದ್ದಾರೆಂಬುದು ನಮ್ಮ ಪದ್ಧತಿ ತಿಳಿಯದ ಅಧಿಕಾರಿಗೆ ತಾನಾಗಿ ಅರ್ಥವಾಗುವುದಿಲ್ಲ. ಹೆಣ್ಣು ನೋಡಲು ಹೋದ ದಿನದಿಂದ ಹಿಡಿದು ನಡೆದದ್ದನ್ನು ಕ್ರಮವಾಗಿ ಒಂದು ಪತ್ರದಲ್ಲಿ ಬರೆದು, ಆಮಂತ್ರಣ ಪತ್ರಿಕೆ, ಕರೆಗಳ ದಾಖಲೆ, ಪ್ರಯಾಣದ ಟಿಕೆಟ್ಟುಗಳನ್ನು ಅದಕ್ಕೆ ಹೊಂದಿಸಿ ಇಡಿ.

ಈಗ ಭಾರತದಲ್ಲೇ ಕೆಲಸ ಮುಂದುವರಿಸುವ ಯೋಚನೆ. ಪಿಆರ್ ಉಳಿಸಿಕೊಳ್ಳಲು ಪ್ರತಿ 5 ವರ್ಷಗಳ ಅವಧಿಯಲ್ಲಿ 730 ದಿನ ಕೆನಡಾದಲ್ಲಿರಬೇಕು. ಆ ದಿನಗಳು ಸತತವಾಗಿರಬೇಕೆಂದೇನೂ ಇಲ್ಲ. ಹಾಗಾಗಿ ಆರಂಭದಲ್ಲಿ ಎರಡು ವರ್ಷ ಹೊರಗಿದ್ದ ಮಾತ್ರಕ್ಕೆ ಪಿಆರ್ ಹೋಗುವುದಿಲ್ಲ. ಆದರೆ ಇಲ್ಲಿ ಒಂದೇ ಪಂಚಾಂಗವನ್ನು ಮೂರು ಕಡೆಯವರು ಮೂರು ಬಗೆಯಾಗಿ ಲೆಕ್ಕ ಹಾಕುತ್ತಾರೆ. ಪಿಆರ್‌ಗೆ ಬೇಕಾದದ್ದು 730 ದಿನ. ಪೌರತ್ವಕ್ಕೆ ಅರ್ಜಿ ಹಾಕಲು ಹಿಂದಿನ 5 ವರ್ಷಗಳಲ್ಲಿ 1,095 ದಿನ. ಒಂಟಾರಿಯೊದ ಆರೋಗ್ಯ ವಿಮೆಗೆ ಯಾವುದೇ 12 ತಿಂಗಳಲ್ಲಿ 153 ದಿನ ಪ್ರಾಂತ್ಯದಲ್ಲಿರಬೇಕು. ಪಿಆರ್ ಇದೆ ಎಂದ ಮಾತ್ರಕ್ಕೆ ಆರೋಗ್ಯ ವಿಮೆ ಇದೆ ಎಂದಲ್ಲ. ಪಿಆರ್ ಕಾರ್ಡಿನ ಅವಧಿ ಮುಗಿದ ಮಾತ್ರಕ್ಕೆ ಪಿಆರ್ ಹೋಯಿತೆಂದೂ ಅಲ್ಲ. ಆದರೆ ಚಾಲ್ತಿಯಲ್ಲಿರುವ ಕಾರ್ಡಿಲ್ಲದೆ ಹೊರದೇಶದಲ್ಲಿದ್ದರೆ, ವಿಮಾನ ಹತ್ತಲು ವೀಸಾ ಕಚೇರಿಯಿಂದ ಪ್ರಯಾಣ ಪತ್ರ ಪಡೆಯಬೇಕಾಗುತ್ತದೆ. ಮೊದಲ ಕಾರ್ಡು ಅಂಚೆಯಲ್ಲಿ ಬರುವುದರಿಂದ ಲ್ಯಾಂಡಿಂಗ್ ಆದ 180 ದಿನಗಳೊಳಗೆ ಇಲ್ಲಿನ ವಿಳಾಸ ಕೊಡಿ. ತಡವಾದರೆ ಶುಲ್ಕ ಕಟ್ಟಿ ಹೊಸದಾಗಿ ಅರ್ಜಿ ಹಾಕಬೇಕು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮುಖ ತೋರಿಸಿ ಹಿಂದಿರುಗಲೆಂದು ಬರುವುದಕ್ಕಿಂತ, ನೆಲೆಸಲು ಸಿದ್ಧರಾದಾಗಲೇ ಬರುವುದು ನಿಮಗೂ ಬರಲಿರುವ ಪತ್ನಿಗೂ ಹಿತ.

ಆರೋಗ್ಯ ವಿಮೆ ಇಲ್ಲಿ ಪ್ರಾಂತ್ಯಗಳ ಕೈಯಲ್ಲಿದೆ. 1984ರ ಕೆನಡಾ ಆರೋಗ್ಯ ಕಾಯ್ದೆ ಇಡೀ ದೇಶಕ್ಕೆ ತತ್ವಗಳನ್ನು ಹಾಕಿಕೊಟ್ಟಿದೆ, ಹೊಸಬರನ್ನು ಗರಿಷ್ಠ 3 ತಿಂಗಳವರೆಗೆ ಕಾಯಿಸಲು ಅವಕಾಶ ಕೊಟ್ಟಿದೆ. ಒಂಟಾರಿಯೊ ಆ ಕಾಯುವ ಅವಧಿಯನ್ನು 2020ರ ಮಾರ್ಚಿನಲ್ಲಿ ತೆಗೆದುಹಾಕಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳ ಉಳಿದ ದಿನಗಳ ಜೊತೆ ಇನ್ನೂ 2 ತಿಂಗಳು ಕಾಯಬೇಕು. ನೀವು ಟೊರಾಂಟೊಗೆ ಬರುವವರಾದ್ದರಿಂದ ಮೊದಲ ವಾರದಲ್ಲೇ ಸರ್ವಿಸ್ ಒಂಟಾರಿಯೊ ಕಚೇರಿಗೆ ಲ್ಯಾಂಡಿಂಗ್ ಪತ್ರ, ಪಾಸ್‌ಪೋರ್ಟ್ ಮತ್ತು ವಿಳಾಸದ ಪುರಾವೆಯೊಂದಿಗೆ ಹೋಗಿ ಓಹಿಪ್‌ಗೆ (ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ) ಅರ್ಜಿ ಹಾಕಿ. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ವಿಳಾಸದ ಪುರಾವೆಯಲ್ಲಿ. ಬ್ಯಾಂಕ್ ಖಾತೆ ಮತ್ತು ಬಾಡಿಗೆ ಕರಾರನ್ನು ಮೊದಲು ಮಾಡಿಸಿಕೊಂಡರೆ ಓಡಾಟ ತಪ್ಪುತ್ತದೆ.

ಓಹಿಪ್ ಏನು ಕೊಡುತ್ತದೆ ಎಂಬುದರಷ್ಟೇ ಮುಖ್ಯ, ಏನು ಕೊಡುವುದಿಲ್ಲ ಎಂಬುದು. ವೈದ್ಯರ ಭೇಟಿ, ಆಸ್ಪತ್ರೆ, ಶಸ್ತ್ರಚಿಕಿತ್ಸೆ, ವೈದ್ಯರು ಬರೆದ ಬಹುತೇಕ ಪರೀಕ್ಷೆಗಳಿಗೆ ನೀವು ಹಣ ಕೊಡಬೇಕಿಲ್ಲ. ಆದರೆ ಔಷಧ ಅಂಗಡಿಯಿಂದ ತರುವ ಮಾತ್ರೆ, ಹಲ್ಲಿನ ಚಿಕಿತ್ಸೆ, ಕನ್ನಡಕ ನಿಮ್ಮ ವಯಸ್ಸಿನವರಿಗೆ ಸೇರಿಲ್ಲ. ಕೆಲಸ ಕೊಟ್ಟವರ ವಿಮೆ ಇವನ್ನು ಬಹುಪಾಲು ತುಂಬಿಕೊಡುತ್ತದೆ, ಆದರೆ ಅನೇಕ ಕಡೆ ಅದು ಸೇರಿದ ಕೆಲವು ತಿಂಗಳ ಮೇಲೆ ಆರಂಭವಾಗುತ್ತದೆ. ಫ್ಯಾಮಿಲಿ ಡಾಕ್ಟರ್ ಸಿಗುವುದು ಈಗ ಸುಲಭವಲ್ಲ. ಅಂಥ ವೈದ್ಯರನ್ನು ಹುಡುಕಿಕೊಡುವ ಸರ್ಕಾರಿ ಸೇವೆಯಾದ ಹೆಲ್ತ್ ಕೇರ್ ಕನೆಕ್ಟ್‌ನಲ್ಲಿ ಬೇಗ ಹೆಸರು ನೋಂದಾಯಿಸಿ, ಅಲ್ಲಿಯವರೆಗೆ ವಾಕ್-ಇನ್ ಕ್ಲಿನಿಕ್ ಇದೆ, 811ಕ್ಕೆ ಕರೆ ಮಾಡಿದರೆ ನರ್ಸ್ ಜೊತೆ ಮಾತನಾಡಬಹುದು. ಸ್ಪಾನ್ಸರ್ ಅರ್ಜಿ ನಡೆಯುತ್ತಿರುವಾಗ ಪತ್ನಿ ವಿಸಿಟರ್ ವೀಸಾದಲ್ಲಿ ಬಂದು ಹೋಗುವುದಾದರೆ ಆಕೆಗೆ ಓಹಿಪ್ ಇರುವುದಿಲ್ಲ, ಖಾಸಗಿ ವಿಮೆ ಬೇಕೇ ಬೇಕು.

ತಂದೆ-ತಾಯಿಯ ವಿಷಯದಲ್ಲಿ ಸದ್ಯಕ್ಕೆ ಪಿಆರ್ ಆಸೆ ಇಟ್ಟುಕೊಳ್ಳಬೇಡಿ. ಆ ಯೋಜನೆಯಲ್ಲಿ ಇಲಾಖೆ 2020ರಲ್ಲಿ ಆಸಕ್ತಿ ಸೂಚಿಸಿದವರ ಪಟ್ಟಿಯಿಂದಲೇ 2025ರವರೆಗೂ ಆಹ್ವಾನ ಕೊಡುತ್ತ ಬಂದಿದೆ. ಆಹ್ವಾನ ಬಂದರೂ ಹಿಂದಿನ 3 ವರ್ಷಗಳ ಆದಾಯವನ್ನು ತೆರಿಗೆ ದಾಖಲೆಯಿಂದ ತೋರಿಸಬೇಕು, 20 ವರ್ಷಗಳ ಮುಚ್ಚಳಿಕೆ ಬರೆಯಬೇಕು. ನಿಮಗೆ ಒಗ್ಗುವುದು ಸೂಪರ್ ವೀಸಾ. ಅದರಲ್ಲಿ ಒಮ್ಮೆ ಬಂದರೆ 5 ವರ್ಷದವರೆಗೆ ಇರಬಹುದು. 2022ರ ಜುಲೈಗೆ ಮುಂಚೆ ಇದು 2 ವರ್ಷವಿತ್ತು. ಆದರೆ ಎಷ್ಟು ಕಾಲ ಇದ್ದರೂ ಅವರಿಗೆ ಓಹಿಪ್ ಸಿಗುವುದಿಲ್ಲ. ಕನಿಷ್ಠ 1,00,000 ಕೆನಡಾ ಡಾಲರ್ ಮೊತ್ತದ, ಒಂದು ವರ್ಷಕ್ಕೆ ಕಡಿಮೆಯಿಲ್ಲದ ಖಾಸಗಿ ವಿಮೆ ವೀಸಾದ ಷರತ್ತೇ ಆಗಿದೆ.

ಈ ವಿಮೆ ಕೊಳ್ಳುವಾಗ ಕಂತು ಎಷ್ಟು ಎಂದಷ್ಟೇ ನೋಡಿ ನಿರ್ಧರಿಸುವವರನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಮೊದಲೇ ಇರುವ ಕಾಯಿಲೆಗಳ ಬಗ್ಗೆ ಪಾಲಿಸಿಯಲ್ಲಿ ಒಂದು ಷರತ್ತಿರುತ್ತದೆ: ವಿಮೆ ಆರಂಭವಾಗುವುದಕ್ಕೆ ಹಿಂದಿನ ಇಷ್ಟು ದಿನ ಕಾಯಿಲೆ ಸ್ಥಿರವಾಗಿರಬೇಕು ಎಂದು. ಸ್ಥಿರ ಎಂದರೆ ಮಾತ್ರೆಯ ಪ್ರಮಾಣವೂ ಬದಲಾಗಿರಬಾರದು ಎಂದು ಬಹುತೇಕ ಪಾಲಿಸಿಗಳು ಹೇಳುತ್ತವೆ. ಹೊರಡುವ ತಿಂಗಳಲ್ಲಿ ವೈದ್ಯರು ತಂದೆಯವರ ರಕ್ತದೊತ್ತಡದ ಮಾತ್ರೆಯನ್ನು 5 ಮಿಲಿಗ್ರಾಂನಿಂದ 10ಕ್ಕೆ ಏರಿಸಿದ್ದರೆ, ಇಲ್ಲಿ ಎದೆನೋವೆಂದು ಆಸ್ಪತ್ರೆ ಸೇರಿದಾಗ ಕಂಪನಿ ಹಣ ಕೊಡದಿರಲು ಅಷ್ಟೇ ಸಾಕಾಗಬಹುದು. ಆದ್ದರಿಂದ ಪ್ರಯಾಣಕ್ಕೆ ಆರು ತಿಂಗಳ ಮೊದಲೇ ತಪಾಸಣೆ ಮಾಡಿಸಿ, ಬದಲಾಯಿಸಬೇಕಾದ ಔಷಧವನ್ನು ಆಗಲೇ ಬದಲಾಯಿಸಿಬಿಡಲು ವೈದ್ಯರನ್ನು ಕೇಳಿಕೊಳ್ಳಿ. ಆದರೆ ವಿಮೆ ಹೋದೀತೆಂಬ ಭಯಕ್ಕೆ ಅವರಿಗೆ ಬೇಕಾದ ಚಿಕಿತ್ಸೆಯನ್ನು ಎಂದೂ ಮುಂದೂಡಬೇಡಿ, ಹಾಗಾದರೆ ಪ್ರಯಾಣವನ್ನೇ ಮುಂದೂಡಿ. ವಿಮೆಯ ಅರ್ಜಿಯಲ್ಲಿ ಕೇಳಿದ ಪ್ರತಿಯೊಂದು ಕಾಯಿಲೆಯನ್ನೂ ಬರೆಯಿರಿ, ಮತ್ತು ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಹೆಸರು, ಪ್ರಮಾಣ, ಎಂದಿನಿಂದ ಎಂಬ ವಿವರವಿರುವ ವೈದ್ಯರ ಪತ್ರವೊಂದನ್ನು ಪಾಲಿಸಿಯ ಪ್ರತಿಯ ಜೊತೆ ಅವರ ಕೈಚೀಲದಲ್ಲೇ ಇಟ್ಟು ಕಳಿಸಿ.