ಓದುಗರ ಪ್ರಶ್ನೆ: ರಿವಾಲ್ವರಿನ ಸದ್ದು ಅಡಗಿಸುವ ಸಾಧನ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಊರಿನಿಂದ ದೂರ ತೋಟದ ಮನೆಯಲ್ಲಿ ವಾಸವಿರುವ ಕಾರಣ ಆತ್ಮರಕ್ಷಣೆಗೆಂದು ಪರವಾನಗಿ ಪಡೆದು .32 ರಿವಾಲ್ವರ್ ಇಟ್ಟುಕೊಂಡಿದ್ದೇನೆ. ವರ್ಷಕ್ಕೆ ಒಂದೆರಡು ಬಾರಿ ಗುರಿ ಅಭ್ಯಾಸಕ್ಕೆ ಹೋಗಿ ಬಂದರೆ ಎರಡು ದಿನ ಕಿವಿ ಗುಂಯ್ ಎನ್ನುತ್ತದೆ. ಹಂದಿ ಓಡಿಸಲು ತೋಟದಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದಾಗ ವಯಸ್ಸಾದ ತಾಯಿಯೂ ಕೊಟ್ಟಿಗೆಯ ದನಗಳೂ ಬೆಚ್ಚಿ ಬೀಳುತ್ತವೆ. ಸದ್ದು ಅಡಗಿಸುವ ಸಪ್ರೆಸರ್ ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತದೆ? ದಾವಣಗೆರೆಯಲ್ಲಿ ಪರಿಚಯದ ಲೇತ್ ಕೆಲಸದವರೊಬ್ಬರು ತಾವೇ ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ, ಮಾಡಿಸಬಹುದೇ?

ಉತ್ತರ: ಮಾಡಿಸಬೇಡಿ. ಕಡಿಮೆ ಬೆಲೆಗಿರಲಿ, ಹೆಚ್ಚು ಬೆಲೆಗೂ ಅದನ್ನು ಕೊಳ್ಳಲು ಹೋಗಬೇಡಿ. ನಮ್ಮಲ್ಲಿ ಬಹಳ ಮಂದಿ ಸಪ್ರೆಸರನ್ನು ಬಂದೂಕಿನ ಚರ್ಮದ ಚೀಲದಂತೆ ಒಂದು ಬಿಡಿ ಸಾಮಾನು ಎಂದು ಭಾವಿಸಿದ್ದಾರೆ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯು ತನ್ನ 2ನೇ ಕಲಮಿನಲ್ಲಿ 'ಬಂದೂಕು' ಎಂದರೆ ಏನೆಂದು ವಿವರಿಸುವಾಗ, ಗುಂಡು ಹಾರುವಾಗಿನ ಸದ್ದನ್ನಾಗಲಿ ಬೆಳಕನ್ನಾಗಲಿ ತಗ್ಗಿಸಲೆಂದು ರೂಪಿಸಿದ ಅಥವಾ ಹೊಂದಿಸಿದ ಸಾಧನವನ್ನೂ ಅದೇ ಪದದೊಳಗೆ ಸೇರಿಸಿದೆ. ಅಂದರೆ ಆ ಕೊಳವೆಯೊಂದೇ ನಿಮ್ಮ ಕಪಾಟಿನಲ್ಲಿದ್ದರೂ ಕಾನೂನಿನ ಕಣ್ಣಿಗೆ ಅದು ಇನ್ನೊಂದು ಬಂದೂಕು, ರಿವಾಲ್ವರಿಗೆ ಪಡೆದ ಪರವಾನಗಿ ಅದಕ್ಕೆ ಅನ್ವಯಿಸುವುದಿಲ್ಲ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡವರಿಗೆ, 2019ರ ತಿದ್ದುಪಡಿಯ ನಂತರ, ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗೂ ಹೋಗಬಹುದಾದ ಸೆರೆವಾಸ ಮತ್ತು ದಂಡವಿದೆ. ಅಂತರ್ಜಾಲದಲ್ಲಿ ಬೇರೆ ಯಾವುದೋ ಹೆಸರಿಟ್ಟು ಇಂಥದ್ದನ್ನು ಮಾರುವವರಿದ್ದಾರೆ. ಕಾನೂನು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನಲ್ಲ, ವಸ್ತು ಯಾವ ಕೆಲಸಕ್ಕೆಂದು ತಯಾರಾಗಿದೆ ಎಂಬುದನ್ನು.

ಲೇತ್ ಕೆಲಸದವರ ವಿಷಯ ಇದಕ್ಕಿಂತ ಗಂಭೀರವಾದುದು. ಪರವಾನಗಿಯಿಲ್ಲದೆ ಬಂದೂಕನ್ನು ತಯಾರಿಸುವುದಷ್ಟೇ ಅಲ್ಲ, ಮಾರ್ಪಡಿಸುವುದು ಮತ್ತು ರಿಪೇರಿ ಮಾಡುವುದು ಕೂಡ 5ನೇ ಕಲಮಿನ ಪ್ರಕಾರ ಅಪರಾಧ, ಅದಕ್ಕೆ ಈಗ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ತಯಾರಿಸುವವನ ಜೊತೆಗೆ ಹಾಗೆ ದೊರಕಿಸಿಕೊಳ್ಳುವವನನ್ನೂ 2019ರ ತಿದ್ದುಪಡಿ ಅದೇ ಸಾಲಿಗೆ ತಂದು ನಿಲ್ಲಿಸಿದೆ. ಆ ಗೆಳೆಯರು ಸಲುಗೆಯಿಂದ ಆಡಿದ ಮಾತು ಇದಿರಬಹುದು, ಅವರಿಗೂ ಈ ಕಲಮುಗಳನ್ನು ಓದಿ ಹೇಳಿ.

ಕಾನೂನನ್ನು ಒಂದು ಗಳಿಗೆ ಬದಿಗಿಟ್ಟು ನೋಡಿದರೂ ನಿಮ್ಮ ಕೈಯಲ್ಲಿರುವುದು ರಿವಾಲ್ವರ್. ಅದರಲ್ಲಿ ಗುಂಡುಗಳಿರುವ ತಿರುಗುವ ಉರುಳೆಗೂ ನಳಿಕೆಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ, ಇಲ್ಲದಿದ್ದರೆ ಉರುಳೆ ತಿರುಗುವುದಿಲ್ಲ. ಮದ್ದು ಉರಿದು ಹುಟ್ಟಿದ ಅನಿಲ ಆ ಸಂದಿನಿಂದ ಪಕ್ಕಕ್ಕೆ ಚಿಮ್ಮುವಾಗ ಸದ್ದೂ ಅಲ್ಲಿಂದಲೇ ಹೊರಬೀಳುವುದರಿಂದ, ನಳಿಕೆಯ ತುದಿಯಲ್ಲಿ ಏನು ಕಟ್ಟಿದರೂ ಪ್ರಯೋಜನ ಅತ್ಯಲ್ಪ. ಸಿನಿಮಾಗಳಲ್ಲಿ ಕೇಳಿಸುವ 'ಪುಸ್' ಎಂಬ ಸದ್ದಂತೂ ಯಾವ ಕೈಬಂದೂಕಿಗೂ ನಿಜವಲ್ಲ. ಕೈಬಂದೂಕಿನ ಸದ್ದು ಹಾರಿಸುವವನ ಕಿವಿಯ ಬಳಿ 150ರಿಂದ 160 ಡೆಸಿಬಲ್ ಆಸುಪಾಸಿನಲ್ಲಿರುತ್ತದೆ, ಒಳ್ಳೆಯ ಸಪ್ರೆಸರ್ ಅದರಲ್ಲಿ ಇಪ್ಪತ್ತರಿಂದ ಮೂವತ್ತು ಡೆಸಿಬಲ್ ಕಡಿಮೆ ಮಾಡಬಹುದು. ಉಳಿದದ್ದೂ ದೊಡ್ಡ ಸದ್ದೇ.

ದೀಪಾವಳಿಯ ಪಟಾಕಿಯನ್ನು ನೆನೆದರೆ ಈ ಅಂಕಿಗಳ ಅರ್ಥವಾಗುತ್ತದೆ. ಸಿಡಿಯುವ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ ಸದ್ದಿನ ಗರಿಷ್ಠ ಮಟ್ಟ 145 ಡೆಸಿಬಲ್ ಮೀರುವ ಪಟಾಕಿಯನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ ಎಂಬ ನಿಯಮ 1999ರಿಂದಲೂ ಇದೆ. ನಿಮ್ಮ ರಿವಾಲ್ವರ್ ಅದಕ್ಕಿಂತ ಜೋರಾಗಿ, ಅದೂ ಒಂದು ತೋಳಿನ ಅಳತೆಯಲ್ಲಿ ಸಿಡಿಯುತ್ತದೆ. 140 ಡೆಸಿಬಲ್ ಮೀರಿದ ಒಂದೇ ಒಂದು ಸಿಡಿತ ಕೂಡ ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಗ್ಗದ ಸದ್ದಿನ ನಡುವೆ ವರ್ಷಗಟ್ಟಲೆ ದುಡಿದವರಿಗೆ ಕಿವಿ ಮಂದವಾಗುವುದನ್ನು ಕಂಡವರು ನೀವು. ಅಲ್ಲಿ ವರ್ಷಗಳು ಹಿಡಿಯುವ ಹಾನಿ ಇಲ್ಲಿ ಕೆಲವು ಗುಂಡುಗಳಲ್ಲೇ ಆಗಿಬಿಡಬಹುದು.

ಆದ್ದರಿಂದ ನೀವು ಹಣ ಹಾಕಬೇಕಾದದ್ದು ಬಂದೂಕಿಗಲ್ಲ, ಕಿವಿಗೆ. ಮೃದುವಾದ ಫೋಮ್ ಇಯರ್‌ಪ್ಲಗ್ ಕೆಲವೇ ಹತ್ತು ರೂಪಾಯಿಗಳಿಗೆ ಸಿಗುತ್ತದೆ, ಆದರೆ ಅದನ್ನು ಸರಿಯಾಗಿ ಹಾಕಿಕೊಳ್ಳುವವರು ಕಡಿಮೆ. ಬೆರಳುಗಳ ನಡುವೆ ಬತ್ತಿಯಂತೆ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಹಿಗ್ಗಿ ಕುಳಿತುಕೊಳ್ಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅದರ ಮೇಲೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಧರಿಸಿ. ಎರಡನ್ನೂ ಹಾಕಿಕೊಂಡರೆ ರಕ್ಷಣೆ ಎರಡರ ಮೊತ್ತದಷ್ಟಾಗುವುದಿಲ್ಲ, ಇರುವುದರಲ್ಲಿ ಉತ್ತಮವಾದುದಕ್ಕಿಂತ ಸುಮಾರು ಐದು ಡೆಸಿಬಲ್ ಹೆಚ್ಚುತ್ತದೆ. ಗೋಡೆಗಳ ನಡುವೆ ಸದ್ದು ಮರುಕಳಿಸುವ ಒಳಾಂಗಣದ ರೇಂಜಿನಲ್ಲಿ ಆ ಐದು ಕೂಡ ಬೆಲೆಯುಳ್ಳದ್ದು. ಕನ್ನಡಕದ ಕಡ್ಡಿ ದಪ್ಪವಾಗಿದ್ದರೆ ಮಫ್‌ನ ಮೆತ್ತೆ ಕೆನ್ನೆಗೆ ಸರಿಯಾಗಿ ಅಂಟದೆ ಸದ್ದು ನುಸುಳುತ್ತದೆ. ಮಾತು ಕೇಳಿಸುವಂತಿದ್ದು ಸಿಡಿತವನ್ನು ಮಾತ್ರ ತಡೆಯುವ ಎಲೆಕ್ಟ್ರಾನಿಕ್ ಮಫ್‌ಗಳೂ ಇವೆ, ತರಬೇತುದಾರರ ಸೂಚನೆ ಕೇಳಿಸಿಕೊಳ್ಳಲು ಅವು ಅನುಕೂಲ. ಹತ್ತಿಯುಂಡೆ ತುರುಕಿಕೊಂಡು ಹೋಗುವವರನ್ನು ಈಗಲೂ ಕಾಣುತ್ತೇವೆ, ಅದರಿಂದ ಏನೂ ಉಪಯೋಗವಿಲ್ಲ.

ಎರಡು ದಿನ ಕಿವಿ ಗುಂಯ್ ಎನ್ನುವುದೆಂದು ನೀವು ಬರೆದದ್ದನ್ನು ಓದಿ ನನಗೆ ಆತಂಕವಾಯಿತು. ಅದು ಕಿವಿ ಕೊಡುತ್ತಿರುವ ಎಚ್ಚರಿಕೆ. ಮುಂದಿನ ಅಭ್ಯಾಸಕ್ಕೆ ಮುನ್ನ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಬಾಪೂಜಿ ಆಸ್ಪತ್ರೆಯಲ್ಲಾಗಲಿ ಕಿವಿ, ಮೂಗು, ಗಂಟಲು ವಿಭಾಗದ ವೈದ್ಯರನ್ನು ಕಂಡು, ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಆಡಿಯೊಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನು ಹಂದಿ ಓಡಿಸುವ ಮಾತು. ಆತ್ಮರಕ್ಷಣೆಗೆಂದು ಪಡೆದ ಆಯುಧವನ್ನು ತೋಟ ಕಾಯಲು ಬಳಸಿದರೆ ಅದು ಪರವಾನಗಿಯ ಷರತ್ತಿನ ಉಲ್ಲಂಘನೆಯಾಗುತ್ತದೆ, 30ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಪರವಾನಗಿಯೇ ರದ್ದಾಗಲೂಬಹುದು. ಮೇಲಕ್ಕೆ ಹೋದ ಗುಂಡು ಎಲ್ಲೋ ಒಂದು ಕಡೆ ಕೆಳಗೆ ಬಿದ್ದೇ ಬೀಳುತ್ತದೆ ಎಂಬುದು ಬೇರೆ. ಅಲ್ಲದೆ ಹಂದಿ ಹೆದರುವುದು ಸದ್ದಿಗೆ. ಆ ಸದ್ದನ್ನೇ ಅಡಗಿಸಲು ಹೊರಟರೆ ಹಂದಿಯನ್ನು ಓಡಿಸುವುದು ಯಾವುದರಿಂದ? ಸೌರ ಬೇಲಿಯ ವಿಷಯವಾಗಿ ಹತ್ತಿರದ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮ ಅಣ್ಣ ಅಮೆರಿಕದ ಟೆಕ್ಸಾಸಿನಲ್ಲಿದ್ದಾರೆ. ಅಲ್ಲಿ ಸೈಲೆನ್ಸರ್ ಕೊಳ್ಳುವುದು ಕಾನೂನುಬದ್ಧವೆಂದೂ, ಈಗ ಅದರ ತೆರಿಗೆಯನ್ನೂ ತೆಗೆದಿದ್ದಾರೆಂದೂ ಹೇಳುತ್ತಾರೆ. ಚಿತ್ರದುರ್ಗಕ್ಕೆ ಬರುವಾಗ ನಮ್ಮ ತಂದೆಯವರ ಪರವಾನಗಿಯ ಪಿಸ್ತೂಲಿಗೆ ಒಂದನ್ನು ತರಬಹುದೇ?

ಉತ್ತರ: ತರಬಾರದು. ನಿಮ್ಮ ಅಣ್ಣ ಹೇಳಿರುವುದು ಅಲ್ಲಿನ ಮಟ್ಟಿಗೆ ನಿಜ. 1934ರ ಕಾನೂನು ಸೈಲೆನ್ಸರಿನ ಮೇಲೆ 200 ಡಾಲರ್ ತೆರಿಗೆ ಹಾಕಿತ್ತು, ಆ ಕಾಲಕ್ಕೆ ಅದು ಬಹುದೊಡ್ಡ ಮೊತ್ತ. 2026ರ ಜನವರಿ 1ರಿಂದ ಅದನ್ನು ಸೊನ್ನೆಗೆ ಇಳಿಸಲಾಗಿದೆ. ಆದರೂ ಸರ್ಕಾರದಲ್ಲಿ ನೋಂದಣಿ, ಬೆರಳಚ್ಚು ಮತ್ತು ಹಿನ್ನೆಲೆ ಪರಿಶೀಲನೆ ಹಾಗೆಯೇ ಉಳಿದಿವೆ. ಇಲ್ಲಿಗೆ ತರಲು ಅಲ್ಲಿನ ಸರ್ಕಾರದ ರಫ್ತು ಅನುಮತಿ ಬೇಕು, ನಮ್ಮ ಕಾಯ್ದೆಯ 10ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಬಂದೂಕನ್ನು ದೇಶದೊಳಕ್ಕೆ ತರುವಂತಿಲ್ಲ. ಮೇಲಿನ ಉತ್ತರದಲ್ಲಿ ಹೇಳಿದಂತೆ ಸೈಲೆನ್ಸರ್ ಕೂಡ ಬಂದೂಕೇ.

ನೀವು ಬಳಸಿದ 'ಸೈಲೆನ್ಸರ್' ಪದ ಓದಿದಾಗ ಪಿ.ಬಿ. ರಸ್ತೆಯಲ್ಲಿ ಅದನ್ನು ಕಿತ್ತುಹಾಕಿ ಬುಲೆಟ್ ಬೈಕ್ ಓಡಿಸುವ ಹುಡುಗರು ನೆನಪಾದರು. ಎರಡಕ್ಕೂ ಒಂದೇ ಹೆಸರು ಬಂದಿರುವುದು ಆಕಸ್ಮಿಕವೇನಲ್ಲ. 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಜಿನ್ನಿನ ಸದ್ದು ತಗ್ಗಿಸುವ ಸಾಧನಗಳನ್ನೂ ತಯಾರಿಸುತ್ತಿದ್ದರು, ಬಿಸಿ ಅನಿಲವನ್ನು ತಡೆತಡೆದು ನಿಧಾನವಾಗಿ ಹೊರಬಿಡುವ ತತ್ವ ಎರಡಕ್ಕೂ ಒಂದೇ.

ನಿಮ್ಮ ತಂದೆಯವರಿಗೆ ಏನಾದರೂ ತರಲೇಬೇಕೆಂದಿದ್ದರೆ ಅಣ್ಣನವರು ಒಂದು ಜೊತೆ ಎಲೆಕ್ಟ್ರಾನಿಕ್ ಇಯರ್‌ಮಫ್ ತರಲಿ, ಅದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ.