ತುಂಬಿದ ಬಕೆಟ್‌ಗಳ ಪ್ರಶ್ನೆಗೆ

ಹತ್ತು ತಿಂಗಳ ಮಗು ಅಂಬೆಗಾಲಿಡುತ್ತಿದೆ, ದಿನ ಬಿಟ್ಟು ದಿನ ನೀರು ಬರುವುದರಿಂದ ಬಕೆಟ್ ತುಂಬಿಸಿಡದೆ ವಿಧಿಯಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಎಲ್ಲರೂ ಮೊದಲು ಸ್ವಿಚ್ ಬೋರ್ಡಿನ ತೂತು ಮುಚ್ಚಲು ಓಡುತ್ತಾರೆ. ನಿಮಗೆ ಬಕೆಟ್ ಕಣ್ಣಿಗೆ ಬಿದ್ದದ್ದು ಒಳ್ಳೆಯದಾಯಿತು. ಈ ವಯಸ್ಸಿನಲ್ಲಿ ಮೈಯ ಅಳತೆಗೆ ತಲೆ ಬಲು ಭಾರ. ಅಂಚು ಹಿಡಿದು ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ ತಾನಾಗಿ ಮೇಲೇಳಲಾರದು, ತುಂಬಿದ ಬಕೆಟ್ ಉರುಳುವುದೂ ಇಲ್ಲ. ಎರಡು ಇಂಚು ನೀರೂ ಅಪಾಯವೇ. ಸದ್ದಾದರೆ ಓಡಿ ಬರುತ್ತೇನೆ ಎಂದುಕೊಳ್ಳಬೇಡಿ, ಎಷ್ಟೋ ಸಲ ಸದ್ದೇ ಆಗುವುದಿಲ್ಲ.

ತಿರುಗಿಸಿ ಮುಚ್ಚುವ ಮುಚ್ಚಳವಿರುವ ಎತ್ತರದ ಡ್ರಮ್ ಕೊಳ್ಳಿ. ಮೇಲೊಂದು ತಟ್ಟೆ ಇಡುವುದು ಧೂಳಿಗೆ ಸಾಕು, ಮಗುವಿಗೆ ಸಾಲದು. ಬಚ್ಚಲ ಬಾಗಿಲಿಗೆ ಹೊರಗಿನಿಂದ, ನಿಮ್ಮ ಎದೆಮಟ್ಟದಲ್ಲಿ ಚಿಲಕ ಹಾಕಿಸಿ. ಬಾಡಿಗೆ ಮನೆಯ ಮಾಲೀಕರು ಗೊಣಗಿದರೆ ಗೊಣಗಲಿ, ಖಾಲಿ ಮಾಡುವಾಗ ತೂತು ಮುಚ್ಚಿಸಿಕೊಟ್ಟರಾಯಿತು. ನೆಲ ಒರೆಸುವ ಬಕೆಟ್ಟನ್ನು ಮರೆಯಬೇಡಿ. ಬಾಗಿಲ ಗಂಟೆ ಬಾರಿಸಿದೊಡನೆ ನಡುಮನೆಯಲ್ಲಿ ಬಿಟ್ಟು ಹೋಗುವುದು ಅದನ್ನೇ.

ನೀರು ಕಾಯಿಸುವ ವಿದ್ಯುತ್ ರಾಡ್ ಇದ್ದರೆ ಸದ್ಯಕ್ಕೆ ಅಟ್ಟಕ್ಕೇರಿಸಿ. ಸ್ನಾನಕ್ಕೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ.