ಸರಪಳಿ ಬಿಚ್ಚಿದವನು ಡಾಕ್ಟರಲ್ಲ

ಸಿಸ್ಟರ್‌ಗೊಂದು ಪತ್ರ: ಓದುಗರ ಪ್ರಶ್ನೆಗಳಿಗೆ ತುಮಕೂರಿನ ನಿವೃತ್ತ ನರ್ಸ್ ಉತ್ತರ

ಹೋದ ಸಂಚಿಕೆಯಲ್ಲಿ "ಹಿಂದೆಲ್ಲ ಹುಚ್ಚು ಹಿಡಿದವರಿಗೆ ಏನೇನೋ ಮಾಡುತ್ತಿದ್ದರು" ಅಂತ ಒಂದು ಸಾಲು ಬರೆದು ಸುಮ್ಮನೆ ಮುಂದೆ ಹೋಗಿದ್ದೆ. ಆ 'ಏನೇನೋ' ಏನು ಅಂತ ಈ ಸಲ ಪತ್ರದ ಮೇಲೆ ಪತ್ರ. ನಾನು ಡಾಕ್ಟರಲ್ಲ. ಮನೋರೋಗ ವಾರ್ಡಿನಲ್ಲಿ 31 ವರ್ಷ ದುಡಿದ ನರ್ಸು. ಓದಿ ತಿಳಿದದ್ದು, ಕಣ್ಣಲ್ಲಿ ಕಂಡದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಪ್ರಶ್ನೆ: ನನ್ನ ಮೈದುನನಿಗೆ 24 ವರ್ಷ. ಒಬ್ಬನೇ ಮಾತಾಡ್ತಾನೆ. ಯಾರೋ ಬೈಯೋದು ಕೇಳಿಸುತ್ತೆ ಅಂತಾನೆ. ಎರಡು ಸಲ ಮನೆ ಬಿಟ್ಟು ಹೋಗಿದ್ದ. ಗಾಳಿ ಸೋಕಿದೆ ಅಂತ ಅತ್ತೆ ಮಾವ ಮೂರು ಕಡೆ ತಾಯತ ಕಟ್ಟಿಸಿದರು. ಈಗ ಕಾಲಿಗೆ ಸರಪಳಿ ಹಾಕಿದ್ದಾರೆ. ಆಸ್ಪತ್ರೆ ಅಂದರೆ, "ಡಾಕ್ಟರುಗಳು ಇಲ್ಲದಾಗ ಹಿರಿಯರು ಏನು ಮಾಡ್ತಿದ್ದರೋ ಅದನ್ನೇ ನಾವೂ ಮಾಡ್ತೀವಿ" ಅಂತಾರೆ. ಹಿರಿಯರು ಏನು ಮಾಡ್ತಿದ್ದರು ಸಿಸ್ಟರ್?
ಒಬ್ಬ ಸೊಸೆ, ಮಧುಗಿರಿ ತಾಲ್ಲೂಕು

ಉತ್ತರ: ಹಿರಿಯರು ಅಂದರೆ ಯಾವ ಹಿರಿಯರು ಅಂತ ಮೊದಲು ಕೇಳಬೇಕು ಕಣಮ್ಮ. ಎಲ್ಲ ಬಗೆಯವರೂ ಇದ್ದರು.

ಸುಮಾರು 2400 ವರ್ಷಗಳ ಹಿಂದೆ ಗ್ರೀಸ್‌ನಲ್ಲಿ ಹಿಪಾಕ್ರಟಿಸ್ ಅನ್ನುವ ವೈದ್ಯನಿದ್ದ. ಆಗ ಫಿಟ್ಸ್ ಬಂದರೆ ದೇವರ ಕಾಯಿಲೆ ಅನ್ನುತ್ತಿದ್ದರು. ಅವನ ಹೆಸರಿನಲ್ಲಿ ಉಳಿದಿರುವ ಒಂದು ಬರಹ, ಬೇರೆ ಕಾಯಿಲೆಗಳಲ್ಲಿ ಇಲ್ಲದ ದೈವ ಇದರಲ್ಲೇನೂ ಇಲ್ಲ, ಇದು ಹುಟ್ಟುವುದು ಮಿದುಳಿನಲ್ಲಿ ಅನ್ನುತ್ತದೆ. ಹಾಗಂತ ಅವರು ಹೇಳಿದ್ದೆಲ್ಲ ಸರಿ ಅಂತಲ್ಲ. ಮೈಯಲ್ಲಿ ನಾಲ್ಕು ರಸ ಇವೆ, ಕಪ್ಪು ಪಿತ್ತ ಹೆಚ್ಚಾದರೆ ಮನಸ್ಸಿಗೆ ಮಂಕು ಕವಿಯುತ್ತದೆ ಅಂತ ನಂಬಿದ್ದರು. ಆ ಲೆಕ್ಕ ಹಿಡಿದು ಯುರೋಪಿನ ವೈದ್ಯರು ನೂರಾರು ವರ್ಷ ಭೇದಿ ಮಾಡಿಸಿದರು, ರಕ್ತ ಬಸಿದರು. ಕಾರಣ ಏನು ಅಂದುಕೊಂಡರೋ, ಮದ್ದು ಅದರ ಬಾಲ ಹಿಡಿದುಕೊಂಡು ಹೋಯಿತು.

ನಮ್ಮ ಚರಕ ಸಂಹಿತೆ ಉನ್ಮಾದದಲ್ಲಿ ಐದು ಬಗೆ ಹೇಳುತ್ತದೆ. ವಾತದ್ದು, ಪಿತ್ತದ್ದು, ಕಫದ್ದು, ಮೂರೂ ಕೂಡಿದ್ದು. ಐದನೆಯದು ಆಗಂತು, ಅಂದರೆ ಹೊರಗಿನಿಂದ ಬಂದದ್ದು. ನಿಮ್ಮ ಮಾವನವರ 'ಗಾಳಿ' ಆ ಐದನೆಯ ಖಾನೆಗೆ ಸೇರುತ್ತೆ. ಐದರಲ್ಲಿ ನಾಲ್ಕು ಮೈಯೊಳಗಿನವೇ ಅಂತ ಅವರಿಗೆ ಹೇಳಿ ನೋಡಿ. ಅದೇ ಗ್ರಂಥದಲ್ಲಿ ರೋಗಿಗೆ ಗೆಳೆಯರು ಸಮಾಧಾನದ ಮಾತಾಡಬೇಕು ಅಂತಲೂ ಇದೆ, ಹಲ್ಲು ಕಿತ್ತ ಹಾವು ತೋರಿಸಿ ಹೆದರಿಸಬೇಕು ಅಂತಲೂ ಇದೆ. ಎರಡನೆಯದನ್ನು ದಯವಿಟ್ಟು ಹೇಳಬೇಡಿ.

ಇನ್ನು ಸರಪಳಿ. ಅದು ನಮ್ಮೂರಿನದ್ದೇ ಪದ್ಧತಿ ಅಲ್ಲ. ಲಂಡನ್ನಿನ ಬೆತ್ಲೆಮ್ ಆಸ್ಪತ್ರೆ 1247ರಲ್ಲಿ ಮಠವಾಗಿ ಶುರುವಾದದ್ದು. ಆಮೇಲೆ ಹುಚ್ಚಾಸ್ಪತ್ರೆಯಾಯಿತು. ಅಲ್ಲಿ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುತ್ತಿದ್ದರು. ಒಂದು ಕಾಲದಲ್ಲಿ ಊರ ಜನ ಕಾಸು ಕೊಟ್ಟು ಅವರನ್ನು ನೋಡಲು ಬರುತ್ತಿದ್ದರು, ಜಾತ್ರೆಗೆ ಬಂದ ಹಾಗೆ.

ಇಂಥ ಸರಪಳಿ ಬಿಚ್ಚಿದ್ದು ಯಾರು ಅಂದರೆ ಪುಸ್ತಕಗಳು ಫ್ರಾನ್ಸ್‌ನ ಫಿಲಿಪ್ ಪಿನೆಲ್ ಅನ್ನುವ ಡಾಕ್ಟರ ಹೆಸರು ಹೇಳುತ್ತವೆ. ಅವರು ರೋಗಿಗಳ ಸಂಕೋಲೆ ಬಿಚ್ಚಿಸುತ್ತಿರುವ ದೊಡ್ಡ ವರ್ಣಚಿತ್ರವೂ ಇದೆ. ನಾನು ನರ್ಸಿಂಗ್ ಓದುವಾಗ ಅದನ್ನೇ ಬಾಯಿಪಾಠ ಮಾಡಿದ್ದೆ. ಎಷ್ಟೋ ವರ್ಷದ ಮೇಲೆ ಇನ್ನೊಂದು ಹೆಸರು ಕಣ್ಣಿಗೆ ಬಿತ್ತು. ಜಾನ್ ಬಾಪ್ಟಿಸ್ಟ್ ಪುಸ್ಸಾಂ. ಚರ್ಮ ಹದ ಮಾಡುವ ಕಸುಬಿನವನು. ಗಂಡಮಾಲೆ ರೋಗ ಬಂದು ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಗೆ ಸೇರಿದ. ವಾಸಿಯಾದ ಮೇಲೆ ಅಲ್ಲೇ ಕೆಲಸಕ್ಕೆ ನಿಂತು ಹುಚ್ಚರ ವಾರ್ಡಿನ ಮೇಲ್ವಿಚಾರಕನಾದ. ಪಿನೆಲ್ ಅಲ್ಲಿಗೆ ಬಂದದ್ದು 1793ರಲ್ಲಿ. ಅಷ್ಟು ಹೊತ್ತಿಗಾಗಲೇ ಪುಸ್ಸಾಂ, ಅವನ ಹೆಂಡತಿ ಇಬ್ಬರೂ ಆ ವಾರ್ಡನ್ನು ತಮ್ಮ ರೀತಿಯಲ್ಲಿ ನಡೆಸುತ್ತಿದ್ದರು. ವಾಸಿಯಾದ ರೋಗಿಗಳನ್ನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಪಿನೆಲ್ ಇನ್ನೊಂದು ಆಸ್ಪತ್ರೆಗೆ ಹೋದ ಮೇಲೆ, 1797ರಲ್ಲಿ, ಬಿಸೆತ್ರ್‌ನಲ್ಲಿ ಸರಪಳಿ ತೆಗೆಸಿದವನು ಈ ಪುಸ್ಸಾಂ. ತೀರಾ ಕೆರಳಿದವರಿಗೆ ತೋಳು ಕಟ್ಟುವ ಅಂಗಿ ಹಾಕುತ್ತಿದ್ದ, ಅದನ್ನು ಮುಚ್ಚಿಡಬಾರದು. ಪಿನೆಲ್ ಮಾತ್ರ ದೊಡ್ಡ ಮನುಷ್ಯರು. ಇವನಿಂದ ಕಲಿತೆ ಅಂತ ಬರೆದರು, ಆಮೇಲೆ ತಮ್ಮ ಆಸ್ಪತ್ರೆಗೇ ಕರೆಸಿಕೊಂಡರು. ವರ್ಣಚಿತ್ರ ಬರೆದವರಿಗೆ ಡಾಕ್ಟರೇ ಬೇಕಾಗಿತ್ತು, ಏನು ಮಾಡೋದು.

ನನಗೆ ಅವನ ಮೇಲೆ ಇಷ್ಟು ಪ್ರೀತಿ ಯಾಕೆ ಅಂದರೆ ನಮ್ಮ ಮನೆಯಲ್ಲೇ ಒಂದು ಸರಪಳಿ ಇತ್ತು. ಕುಣಿಗಲ್ ಹತ್ತಿರದ ಹಳ್ಳಿ ನಮ್ಮದು. ದೊಡ್ಡಮ್ಮ ಮಗು ಕಳೆದುಕೊಂಡ ಮೇಲೆ ರಾತ್ರಿ ಹೊತ್ತು ಕೆರೆ ಕಡೆ ಹೋಗಿಬಿಡುತ್ತಿದ್ದರು. ತಾತ ಕೊಟ್ಟಿಗೆಯ ಕಲ್ಲುಕಂಬಕ್ಕೆ ಎತ್ತಿನ ಸರಪಳಿ ಹಾಕಿ ಕಾಲಿಗೆ ಬಿಗಿದರು. ಕೆಟ್ಟವರಲ್ಲ ತಾತ, ಕೆರೆಗೆ ಹೆದರಿದ್ದರು. ಎಲ್ಲರೂ ಮಲಗಿದ ಮೇಲೆ ಅಜ್ಜಿ ಹೋಗಿ ಬಿಚ್ಚುತ್ತಿದ್ದರು. ಮಗಳ ಸೆರಗಿಗೆ ತನ್ನ ಸೆರಗು ಗಂಟು ಹಾಕಿಕೊಂಡು ಅಲ್ಲೇ ಗೋಣಿಚೀಲದ ಮೇಲೆ ಮಲಗುತ್ತಿದ್ದರು. ಮಗಳು ಎದ್ದರೆ ಎಚ್ಚರವಾಗಲಿ ಅಂತ. ಬೆಳಿಗ್ಗೆ ತಾತ ಏಳುವ ಮುಂಚೆ ಮತ್ತೆ ಸರಪಳಿ.

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂತ ಇದ್ದರು. ಅವರು ಆಸ್ಪತ್ರೆ ಆವರಣದಲ್ಲೇ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಊಟ, ನಿದ್ದೆ, ಮಾತು ಎಲ್ಲ ಮನೆಯವರ ಜೊತೆಯೇ. ಇದನ್ನು ಓದಿದ ದಿನ ಅಜ್ಜಿ ನೆನಪಾಗಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನಿಮ್ಮ ಮಾವನವರಿಗೆ ಇನ್ನೊಂದು ಹೇಳಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂಥವರನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿತ್ತು. ಸರಪಳಿ ಇದ್ದುದರಿಂದ ಓಡಲಾಗಲಿಲ್ಲ. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ.

ದೇವಸ್ಥಾನಕ್ಕೆ ಹೋಗಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ತಾಯತ ಕೈಯಲ್ಲೇ ಇರಲಿ, ಮಾತ್ರೆ ಹೊಟ್ಟೆಗೆ ಹೋಗಲಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಹೋಗುವ ಮುಂಚೆ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಳ್ಳಿ. ಅದಕ್ಕೂ ಮುಂಚೆ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೈದುನನಿಗೆ ಕೇಳಿಸುವ ದನಿಗಳ ಬಗ್ಗೆ "ಸುಳ್ಳು ಹೇಳಬೇಡ" ಅಂತ ಜಗಳ ತೆಗೆಯಬೇಡಿ. ಅವನಿಗೆ ಅವು ನಿಜವಾಗಿಯೂ ಕೇಳುತ್ತವೆ.

ಪ್ರಶ್ನೆ: ನಾನು ಬಿ.ಎ. ವಿದ್ಯಾರ್ಥಿನಿ. ಅಸಹಜ ಮನೋವಿಜ್ಞಾನ ಒಂದು ವಿಷಯ. ಕ್ರೇಪಲಿನ್, ಬ್ರಾಯರ್, ಫ್ರಾಯ್ಡ್ ಅಂತ ಹೆಸರು, ಇಸವಿ ಉರು ಹೊಡೀತಿದ್ದೀನಿ, ಒಂದೂ ತಲೆಗೆ ಹತ್ತಲ್ಲ. ಅಷ್ಟಕ್ಕೂ ಯಾರು ಸಹಜ, ಯಾರು ಅಸಹಜ ಅಂತ ತೀರ್ಮಾನಿಸೋದು ಯಾರು?
ತುಮಕೂರು

ಉತ್ತರ: ನನ್ನ ಮೊಮ್ಮಗಳ ವಯಸ್ಸು ನಿನಗೆ, ನೀನು ಅಂತಲೇ ಬರೆಯುತ್ತೇನೆ. ಕೊನೆಯ ಪ್ರಶ್ನೆ ಪರೀಕ್ಷೆಯಲ್ಲಿ ಬರಲಿ ಬಿಡಲಿ, ಅದೇ ಮುಖ್ಯ.

ತೀರ್ಮಾನ ಮಾಡುವವರು ಬಹಳ ಸಲ ಎಡವಿದ್ದಾರೆ. ಅಮೆರಿಕದಲ್ಲಿ 1851ರಲ್ಲಿ ಕಾರ್ಟ್‌ರೈಟ್ ಅನ್ನುವ ಡಾಕ್ಟರು, ಗುಲಾಮರು ಒಡೆಯನ ಮನೆಯಿಂದ ಓಡಿಹೋಗುವುದು ಒಂದು ಮಾನಸಿಕ ರೋಗ ಅಂತ ಬರೆದ. ಅದಕ್ಕೊಂದು ದೊಡ್ಡ ಗ್ರೀಕ್ ಹೆಸರನ್ನೂ ಇಟ್ಟ. ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ಅಮೆರಿಕದ ಮನೋವೈದ್ಯರ ಸಂಘ ತೆಗೆದದ್ದು 1973ರಲ್ಲಿ. ಅಲ್ಲಿಯವರೆಗೆ ರೋಗ, ಮಾರನೇ ದಿನ ರೋಗವಲ್ಲ. ಆ ಜನ ಏನೂ ಬದಲಾಗಿರಲಿಲ್ಲ.

ವಾರ್ಡಿನಲ್ಲಿ ನಾನು ನೋಡುತ್ತಿದ್ದದ್ದು ಮೂರು. ಅವರು ನರಳುತ್ತಿದ್ದಾರಾ, ಊಟ ನಿದ್ದೆ ಕೆಲಸ ಕೆಟ್ಟಿದೆಯಾ, ಅವರ ಊರಿನವರಿಗೇ ಅದು ವಿಚಿತ್ರ ಅನ್ನಿಸುತ್ತಾ. ನಮ್ಮ ಕಡೆ ಜಾತ್ರೆಯಲ್ಲಿ ಹೆಂಗಸರ ಮೈಮೇಲೆ ದೇವರು ಬರುತ್ತದೆ. ತಮಟೆ ನಿಂತ ಮೇಲೆ ನೀರು ಕುಡಿದು, ಸೊಸೆಯನ್ನು ಬೈಯುತ್ತಾ ಮನೆಗೆ ಹೋಗುತ್ತಾರೆ. ಅದು ರೋಗವಲ್ಲ. ಜಾತ್ರೆ ಮುಗಿದು ಮೂರು ವಾರವಾದರೂ ಊಟವಿಲ್ಲ, ನಿದ್ದೆಯಿಲ್ಲ ಅಂದರೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಅನ್ನುತ್ತೇನೆ.

ಹೆಸರುಗಳನ್ನು ಎರಡು ಗುಂಪು ಮಾಡಿಕೋ, ನೆನಪಿರುತ್ತವೆ. ಮೈಯಲ್ಲಿ ಹುಡುಕಿದವರು, ಮನಸ್ಸಿನಲ್ಲಿ ಹುಡುಕಿದವರು.

ಮೈಯಲ್ಲಿ ಹುಡುಕಿದವರಿಗೆ ಒಂದು ದೊಡ್ಡ ಗೆಲುವು ಸಿಕ್ಕಿತು. 19ನೇ ಶತಮಾನದ ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಒಂದು ಬಗೆಯ ರೋಗಿಗಳು ತುಂಬಿದ್ದರು. ನಾನೇ ರಾಜ, ನಾನೇ ಕೋಟ್ಯಧೀಶ ಅನ್ನುವರು. ಆಮೇಲೆ ನಾಲಿಗೆ ತೊದಲಿ, ಕೈಕಾಲು ಬಿದ್ದು ಸಾಯುವರು. ನಡತೆ ಕೆಟ್ಟಿದ್ದಕ್ಕೆ, ಕುಡಿತಕ್ಕೆ ಹೀಗಾಯಿತು ಅನ್ನುತ್ತಿದ್ದವರು ಬೇಕಾದಷ್ಟಿದ್ದರು. 1913ರಲ್ಲಿ ನೊಗುಚಿ ಮತ್ತು ಮೂರ್ ಅನ್ನುವ ವಿಜ್ಞಾನಿಗಳು ಅಂಥವರ ಮಿದುಳಿನಲ್ಲಿ ಸಿಫಿಲಿಸ್ ರೋಗಾಣುವನ್ನೇ ಕಂಡರು. ಒಂದು ಹುಚ್ಚಿಗೆ ಕಣ್ಣಿಗೆ ಕಾಣುವ ಕಾರಣ ಸಿಕ್ಕಿತು! 1917ರಲ್ಲಿ ವಿಯೆನ್ನಾದ ವಾಗ್ನರ್ ಯೌರೆಗ್ ಇಂಥ ರೋಗಿಗಳಿಗೆ ಬೇಕೆಂತಲೇ ಮಲೇರಿಯಾ ಹತ್ತಿಸಿ, ಚಳಿಜ್ವರ ಬರಿಸಿ, ಆಮೇಲೆ ಕ್ವಿನೈನ್ ಕೊಟ್ಟರು. ಕೆಲವರು ಚೇತರಿಸಿಕೊಂಡರು, ಕೆಲವರು ಮಲೇರಿಯಾದಿಂದಲೇ ಸತ್ತರು. 1927ರಲ್ಲಿ ಅವರಿಗೆ ನೊಬೆಲ್ ಬಂತು. ಪೆನಿಸಿಲಿನ್ ಬಂದ ಮೇಲೆ ಈ ಮಲೇರಿಯಾ ಕಥೆ ಮುಗಿಯಿತು. ಜರ್ಮನಿಯ ಮನೋವೈದ್ಯ ಕ್ರೇಪಲಿನ್ ಇದೇ ಗುಂಪು. ರೋಗಿ ಇವತ್ತು ಹೇಗಿದ್ದಾನೆ ಅಂತ ಮಾತ್ರ ನೋಡದೆ, ವರ್ಷಗಳ ಮೇಲೆ ಎಲ್ಲಿಗೆ ಹೋಗಿ ನಿಂತ ಅಂತ ಕಾರ್ಡುಗಳಲ್ಲಿ ಬರೆದಿಟ್ಟು ಕಾಯಿಲೆಗಳನ್ನು ವಿಂಗಡಿಸಿದರು. ಕೇಸ್ ಶೀಟ್ ಬರೆದು ಬೆರಳು ಸವೆಸಿದ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ.

ಮನಸ್ಸಿನಲ್ಲಿ ಹುಡುಕಿದವರ ಕಥೆಯೂ ವಿಯೆನ್ನಾದ್ದೇ. 1880ರಲ್ಲಿ ಬ್ರಾಯರ್ ಅನ್ನುವ ಡಾಕ್ಟರ ಹತ್ತಿರ ಒಬ್ಬ ಹುಡುಗಿ ಬಂದಳು. ತಂದೆಯ ಆರೈಕೆ ಮಾಡುತ್ತಾ ಕೈ ಮರಗಟ್ಟಿತ್ತು, ಸ್ವಂತ ಭಾಷೆಯೇ ಮರೆತಿತ್ತು. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡಾಗ ಹಗುರವಾಗುತ್ತಿದ್ದಳು. 'ಮಾತಿನ ಮದ್ದು' ಅಂತ ಹೆಸರಿಟ್ಟವಳು ಅವಳೇ, ಡಾಕ್ಟರಲ್ಲ. 1895ರಲ್ಲಿ ಬ್ರಾಯರ್, ಫ್ರಾಯ್ಡ್ ಸೇರಿ ಇದನ್ನು ಪ್ರಕಟಿಸಿದರು. ವಾಸಿಯಾದಳು ಅಂತ ಬರೆದರೂ ಅವಳು ಆಮೇಲೂ ಆಸ್ಪತ್ರೆ ಸೇರಬೇಕಾಯಿತು. ಕೊನೆಗೆ ಚೇತರಿಸಿಕೊಂಡು ಹೆಸರಾಂತ ಸಮಾಜ ಸೇವಕಿಯಾದಳು. ಬರ್ಥಾ ಪಾಪೆನ್‌ಹೈಮ್ ಅಂತ. ನಿನ್ನ ಪುಸ್ತಕದಲ್ಲಿ ಅನ್ನಾ ಓ. ಅಂತ ಇರುತ್ತೆ ನೋಡು.

ಪ್ರಶ್ನೆ: ಅಮ್ಮನಿಗೆ 61. ಎರಡು ತಿಂಗಳಿಂದ ಮಾತಿಲ್ಲ, ಊಟ ಬಿಟ್ಟಿದ್ದಾರೆ. ಡಾಕ್ಟರು ಕರೆಂಟ್ ಕೊಡಬೇಕು ಅಂದರು. ಸಿನಿಮಾದಲ್ಲಿ ನೋಡಿದ್ದು ನೆನೆಸಿಕೊಂಡರೆ ಕೈಕಾಲು ನಡುಗುತ್ತೆ. ಒಪ್ಪಬಹುದಾ?
ಗುಬ್ಬಿ

ಉತ್ತರ: ಸಿನಿಮಾದಲ್ಲಿ ತೋರಿಸುವುದು ಪೂರ್ತಿ ಸುಳ್ಳಲ್ಲ, ಹಳೆಯದು. ತಲೆಗೆ ಕರೆಂಟ್ ಕೊಟ್ಟು ಬೇಕೆಂತಲೇ ಫಿಟ್ಸ್ ಬರಿಸುವ ಚಿಕಿತ್ಸೆ ಇದು. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಅನ್ನುವ ಡಾಕ್ಟರುಗಳು ಇದನ್ನು ಶುರು ಮಾಡಿದಾಗ ಅರಿವಳಿಕೆ ಇರಲಿಲ್ಲ. ಫಿಟ್ಸ್ ಬಂದಾಗ ಮೂಳೆ ಮುರಿದದ್ದೂ ಉಂಟು. ಅದೇ ಕಾಲದಲ್ಲಿ ಇನ್ನೂ ಘೋರವಾದದ್ದು ನಡೆಯುತ್ತಿತ್ತು. 1935ರಲ್ಲಿ ಲಿಸ್ಬನ್‌ನ ಮೋನಿಜ್ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಆಪರೇಷನ್ ಶುರು ಮಾಡಿದರು. ಗಲಾಟೆ ನಿಂತಿತು, ಎಷ್ಟೋ ಜನರಲ್ಲಿ ಮನುಷ್ಯನೇ ಆರಿಹೋದ. ಅದಕ್ಕೂ 1949ರಲ್ಲಿ ನೊಬೆಲ್ ಕೊಟ್ಟರು. ನೊಬೆಲ್ ಅಂದ ತಕ್ಷಣ ನಾನು ಕೈ ಮುಗಿಯುವುದಿಲ್ಲ. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದ ಮೇಲೆ ಆ ಕತ್ತಿ ನಿಧಾನಕ್ಕೆ ಮೂಲೆ ಸೇರಿತು. ನಾವು ಸಿಪಿಝಡ್ ಅನ್ನುತ್ತಿದ್ದ ಮಾತ್ರೆ ಅದೇ. ತಗೊಂಡವರ ಚರ್ಮ ಬಿಸಿಲಿಗೆ ಬೇಗ ಸುಡುತ್ತೆ ಅಂತ ಮಧ್ಯಾಹ್ನ ಎಲ್ಲರನ್ನೂ ನೆರಳಿಗೆ ಕರೆಯುವುದೇ ನಮ್ಮ ಕೆಲಸ.

ಕರೆಂಟ್ ಮಾತ್ರ ಉಳಿದುಕೊಂಡಿತು, ಯಾಕೆಂದರೆ ನಿಮ್ಮ ತಾಯಿಯಂಥವರಿಗೆ ಅದು ಕೆಲಸ ಮಾಡುತ್ತದೆ. ಈಗ ಅರಿವಳಿಕೆ, ಸ್ನಾಯು ಸಡಿಲಿಸುವ ಇಂಜೆಕ್ಷನ್ ಎರಡೂ ಇಲ್ಲದೆ ಕೊಡುವುದನ್ನು ಕಾನೂನೇ ನಿಷೇಧಿಸಿದೆ. ಅವರು ನಿದ್ದೆಯಲ್ಲಿರುತ್ತಾರೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತೆ. ವಾರಕ್ಕೆ ಎರಡು ಮೂರು ಸಲದಂತೆ ಆರರಿಂದ ಹನ್ನೆರಡು ಸಲ ಆಗಬಹುದು. ಎದ್ದ ಮೇಲೆ ತಲೆನೋವು, ಗಲಿಬಿಲಿ ಇರುತ್ತೆ. ಆ ದಿನಗಳ ನೆನಪು ಸ್ವಲ್ಪ ಅಳಿಸಿಹೋಗಬಹುದು, ಅದನ್ನು ಡಾಕ್ಟರ ಹತ್ತಿರ ಬಿಡಿಸಿ ಕೇಳಿ. ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು. "ಒಂದು ಗುಟುಕು ಕಾಫಿ ತಾನೆ" ಅಂತ ಕುಡಿಸಿಬಿಟ್ಟ ಮಕ್ಕಳಿಗೆ ನಾನು ಬೈದಷ್ಟು ಇನ್ಯಾರಿಗೂ ಬೈದಿಲ್ಲ. ನನ್ನ ತಾಯಿಗೆ ಹೀಗಾಗಿದ್ದರೆ ನಾನು ಒಪ್ಪುತ್ತಿದ್ದೆ.

ಪ್ರಶ್ನೆ: ಸರ್ಪಗಂಧದ ಬೇರು ಹುಚ್ಚಿಗೆ ಒಳ್ಳೆಯದಂತೆ, ನಿಜವೇ? ತೇದು ಕೊಡಬಹುದಾ?
ಕೊರಟಗೆರೆ

ಉತ್ತರ: ನಿಜ. 1931ರಲ್ಲೇ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ಹುಚ್ಚಿಗೂ ಬಿ.ಪಿ.ಗೂ ಆಗುತ್ತದೆ ಅಂತ ಬರೆದಿದ್ದರು. ಅದರಿಂದ ತೆಗೆದ ರಿಸರ್ಪಿನ್ ಅನ್ನುವ ಔಷಧಿಯನ್ನು 1950ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲೂ ಕೊಟ್ಟರು. ಆದರೆ ಬಿ.ಪಿ. ತೀರಾ ಇಳಿಯುತ್ತಿತ್ತು, ಕೆಲವರು ಖಿನ್ನತೆಗೆ ಬಿದ್ದರು. ಅದಕ್ಕಿಂತ ಒಳ್ಳೆಯವು ಬಂದವು. ಮನೆಯಲ್ಲಿ ತೇದರೆ ಎಷ್ಟು ಒಳಗೆ ಹೋಯಿತು ಅಂತ ಅಳೆಯುವುದು ಹೇಗೆ? ಬೇರು ಕಿತ್ತು ಕಿತ್ತು ಕಾಡಿನಲ್ಲಿ ಆ ಗಿಡವೇ ಅಪರೂಪವಾಗಿದೆ. ಅದನ್ನು ಅದರ ಪಾಡಿಗೆ ಬಿಟ್ಟು, ಮಂಗಳವಾರ ಆಸ್ಪತ್ರೆಗೆ ಹೋಗಿ ಬನ್ನಿ.